ಹೂಂ ಅಂದದ್ದು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಅಣಕಿನ ಮೇಲೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಕಂಪ್ಯೂಟರಿನೊಳಗೆ ಕೂತು ಆಟದ ಕೈಪೆಟ್ಟಿಗೆಯ ಹಾಗೆ ನಟಿಸುವ ಆ ತಂತ್ರಕ್ಕೆ ಬೇರೆ ಊರುಗಳಲ್ಲಿ ಎಮ್ಯುಲೇಟರ್ ಅನ್ನುತ್ತಾರಂತೆ. ನಮ್ಮೂರ ಬಾಯಿಗೆ ಆ ಹೆಸರು ಒಗ್ಗಲಿಲ್ಲ. ಯಾರೋ ಅಣಕು ಅಂದರು, ಅದೇ ನಿಂತಿತು. ಹೆಸರಿಟ್ಟವನು ನಾನಲ್ಲ, ಆದರೆ ನಾನೇ ಇಡುವುದಿದ್ದರೂ ಅದನ್ನೇ ಇಡುತ್ತಿದ್ದೆ.

ನನ್ನ ಹೆಸರು ತಿಪ್ಪೇರುದ್ರ. ಊರಿಗೆಲ್ಲ ಸೆಲ್ಲಣ್ಣ. ಗಡಿಯಾರದ ಕಂಬಕ್ಕೆ ತಿರುಗುವ ಮೂಲೆಯಲ್ಲಿ ನನ್ನ ಅಂಗಡಿಯಿತ್ತು. ಆಟದ ಕೈಪೆಟ್ಟಿಗೆಗಳ ರಿಪೇರಿ, ಗುಂಡಿಯ ಕೆಳಗಿನ ರಬ್ಬರು, ಪರದೆಯ ಗಾಜು, ಮತ್ತೆ ಸೆಲ್ಲು. ಆ ಕಾಲದಲ್ಲಿ ಸೆಲ್ಲು ಸೋತಿತೆಂದು ಯಾರೂ ಎಸೆಯುತ್ತಿರಲಿಲ್ಲ. ನನ್ನ ಅಂಗಡಿ ಮುಂದಿನ ಕಲ್ಲುಚಪ್ಪಡಿಯ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟು ಹೋಗುತ್ತಿದ್ದರು, ಸಂಡಿಗೆ ಒಣಹಾಕಿದ ಹಾಗೆ. ಸಂಜೆ ಬಂದು ತಮ್ಮ ತಮ್ಮ ಸೆಲ್ಲನ್ನು ಗುರುತು ಹಿಡಿದು ಒಯ್ಯುವರು. ಒಂದು ದಿನವೂ ಅದಲುಬದಲಾಗಲಿಲ್ಲ. ಎಂಥಾ ಮಧ್ಯಾಹ್ನಗಳು ಅವು.

ಆಟ ಇದ್ದದ್ದು ಒಂದೇ. ಒಂದು ಮೊಲ ಎಂಟು ಬಾವಿ ಹಾರಬೇಕು. ನಿಮ್ಮದೇ ಹಿಂದಿನ ಎಲ್ಲ ಓಟಗಳಿಗಿಂತ ಬೇಗ ಮುಗಿಸಿದಿರೋ, ಎಷ್ಟು ಸೆಕೆಂಡು ಮಿಗಿಸಿದಿರೋ ಅಷ್ಟು ಸೆಕೆಂಡು ನಿಮ್ಮ ಹಳೆಯ ದಿನಗಳಿಂದ ವಾಪಸು ಸಿಗುತ್ತಿತ್ತು. ಯಾವ ದಿನದ ಯಾವ ಗಳಿಗೆ ಬೇಕೆಂದು ನೆನೆದು ಕಣ್ಣು ಮುಚ್ಚಿದರೆ ಸಾಕು. ಅಷ್ಟು ಹೊತ್ತು ನೀವು ಅಲ್ಲಿರುತ್ತೀರಿ. ಆಗ ನಿಮ್ಮ ಕಣ್ಣಿಗೆ ಬಿದ್ದದ್ದೇ ಕಾಣುತ್ತದೆ, ಕಿವಿಗೆ ಬಿದ್ದದ್ದೇ ಕೇಳುತ್ತದೆ. ಇದಕ್ಕೆ ನಾವು ಉಳಿಕೆ ಅನ್ನುತ್ತಿದ್ದೆವು. ಒಂದು ಗಳಿಗೆ ಒಂದೇ ಸಲ. ಅದೇ ಗಳಿಗೆ ಇನ್ನೊಂದು ಸಲ ಬೇಕೆಂದು ಕೂತರೆ ಬರೀ ಕತ್ತಲೆ. ಕ್ಷೌರದಂಗಡಿಯ ಕುರ್ಚಿಯಲ್ಲಿ ಗಿರಾಕಿ ಆಟ ಮುಗಿಸಿ ಕಣ್ಣು ಮುಚ್ಚಿದನೆಂದರೆ ಕ್ಷೌರಿಕ ಕತ್ತಿ ಮೇಲೆತ್ತಿ ಸುಮ್ಮನೆ ನಿಲ್ಲುತ್ತಿದ್ದ. "ಉಳಿಕೆಗೆ ಕೂತವ್ರೆ, ತಡೀರಿ" ಎಂದು ಹಿಂದಿನವರಿಗೆ ಹೇಳುತ್ತಿದ್ದ. ಅವರೂ ತಡೆಯುತ್ತಿದ್ದರು.

ಆಟ ಊರಿಗೆ ಬಂದ ಹೊಸದರಲ್ಲಿ ಎಲ್ಲರಿಗೂ ನಿಮಿಷಗಟ್ಟಲೆ ಉಳಿಕೆ. ಮೊದಲ ಓಟ ಇಪ್ಪತ್ತು ನಿಮಿಷ, ಎರಡನೆಯದು ಹದಿನೇಳು, ಮೂರು ನಿಮಿಷ ಪುಕ್ಕಟೆ. ಅದನ್ನು ಏನು ಮಾಡಬೇಕೆಂದು ಯಾರಿಗೆ ತಿಳಿದಿತ್ತು? ನಮ್ಮ ಚಿಕ್ಕಪ್ಪ ಎರಡು ನಿಮಿಷ ಪೂರ್ತಿ ಯಾರದೋ ಮದುವೆಯ ಹೋಳಿಗೆ ಊಟಕ್ಕೆ ಸುರಿದ. ಇನ್ನೊಬ್ಬರು ಬೀಗದ ಕೈ ಎಲ್ಲಿಟ್ಟೆನೆಂದು ನೋಡಿಕೊಂಡರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವುದು ಸುಳ್ಳಲ್ಲ. ಕಳೆದುಕೊಳ್ಳುವವರನ್ನೆಲ್ಲ ಕಳೆದುಕೊಳ್ಳುವ ಹೊತ್ತಿಗೆ ಓಟ ಮಾಗಿ, ಒಂದು ಸೆಕೆಂಡು ಮಿಗಿಸಲು ಒಂದು ವರ್ಷ ಹಿಡಿಯುವಂತಾಗಿತ್ತು.

ಹಾಗಾಗಿ ಊರಿನಲ್ಲೊಂದು ಪದ್ಧತಿ ಬಂತು. ಅಭ್ಯಾಸದ ದಿನಗಳಲ್ಲಿ ಎಂಟನೇ ಬಾವಿಯನ್ನು ಯಾರೂ ಹಾರುತ್ತಿರಲಿಲ್ಲ. ಹಾರಿದರೆ ಓಟ ಮುಗಿಯಿತು, ಮಿಗಿಸಿದ ಒಂದೋ ಎರಡೋ ಸೆಕೆಂಡು ಅಲ್ಲೇ ಖರ್ಚಾಯಿತು. ಆದ್ದರಿಂದ ಏಳು ಬಾವಿ ಹಾರಿ, ಪೆಟ್ಟಿಗೆಯ ನೆತ್ತಿಯ ಮೇಲಿನ ಸ್ವಿಚ್ಚನ್ನು ಹೆಬ್ಬೆರಳಿನಿಂದ ಸರಿಸಿ ಆರಿಸಿಬಿಡಬೇಕು. ಬೆರಳು ಪಳಗಿತು, ಇನ್ನು ಏಳೆಂಟು ಸೆಕೆಂಡು ಒಟ್ಟಿಗೆ ಸಿಗುತ್ತದೆ ಅನ್ನಿಸಿದ ದಿನ ಎಂಟನೆಯದನ್ನು ಹಾರುವುದು. ಆ ಮಾತು ಆಟದಿಂದ ಮನೆಗಳಿಗೂ ಹಬ್ಬಿತ್ತು. ಅಣ್ಣತಮ್ಮಂದಿರ ಜಗಳ ಜೋರಾದರೆ ದೊಡ್ಡವರು "ಏಳಕ್ಕೆ ನಿಲ್ಲಿಸ್ರೋ" ಎಂದು ಗದರುತ್ತಿದ್ದರು.

ಸಿದ್ದಗಂಗಮ್ಮ ನನ್ನ ಅಂಗಡಿಗೆ ಬಂದದ್ದು ಅವರು ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾಗಿ ಎರಡು ವರ್ಷ ಕಳೆದ ಮೇಲೆ. ಊರಿನವರಿಗೆ ಅವರು ಎಕ್ಸ್‌ಚೇಂಜ್ ಅಮ್ಮ. ಟ್ರಂಕ್ ಕಾಲ್ ಇದ್ದ ಕಾಲದಲ್ಲಿ ಹೊರಗಿನಿಂದ ಬಂದ ಸುದ್ದಿಯೆಲ್ಲ ಅವರ ಬೆರಳ ಸಂದಿನಿಂದಲೇ ಊರೊಳಕ್ಕೆ ಬರುತ್ತಿತ್ತು. ತೂತಿನಿಂದ ತೂತಿಗೆ ವೈರು ಚುಚ್ಚಿ ಚುಚ್ಚಿ ಪಳಗಿದ ಆ ಬೆರಳು ಮೊಲ ಹಾರಿಸುವುದರಲ್ಲೂ ಎತ್ತಿದ ಕೈ. ಇಪ್ಪತ್ತೆಂಟರ ವಯಸ್ಸಿನಲ್ಲಿ ಹದಿನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡಿಗೆ ಓಡಿದ್ದರು. ಆಮೇಲೆ ಆಟವನ್ನು ಮುಟ್ಟಿರಲಿಲ್ಲ.

"ಸೆಲ್ಲಣ್ಣ, ನಂಗೆ ಏಳು ಸೆಕೆಂಡು ಬೇಕು" ಅಂದರು, ಅರ್ಧ ಕೇಜಿ ಬೆಲ್ಲ ಕೊಡಪ್ಪ ಅನ್ನುವ ಹಾಗೆ. "ಯಾವುದ್ರಲ್ಲಿ ಓಡಿದ್ರೆ ಸಿಗುತ್ತೆ ಹೇಳು."

ಇಂಥ ಪ್ರಶ್ನೆ ಸಿಕ್ಕರೆ ನಾನು ಊಟ ಬಿಟ್ಟು ಮಾತಾಡುವವನು. ಒಂದೊಂದನ್ನೇ ತೆಗೆದು ಮುಂದಿಟ್ಟೆ. ನಾಲ್ಕು ಸೆಲ್ಲಿನ ಹಳೆಯ ಬೂದು ಪೆಟ್ಟಿಗೆ: ಭಾರ, ಪರದೆಗೆ ಬೆಳಕಿಲ್ಲ, ಬಿಸಿಲಿನಲ್ಲಿ ಕೂತೇ ಆಡಬೇಕು, ಆದರೆ ಗುಂಡಿ ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ಮಡಚುವ ಪೆಟ್ಟಿಗೆ: ಬೆಳಕಿದೆ, ಅಂದಚಂದ ಇದೆ, ಆದರೆ ಹತ್ತು ನಿಮಿಷಕ್ಕೆ ಬೆರಳು ಕೊಕ್ಕೆಯಾಗುತ್ತದೆ. ಟೀವಿಗೆ ಹಚ್ಚುವ ಪೆಟ್ಟಿಗೆ: "ಇದ್ರಲ್ಲಿ ಗುಂಡಿ ಒತ್ತಿದ್ಮೇಲೆ ಮೊಲ ಹಾರ್ಲೋ ಬೇಡ್ವೋ ಅಂತ ಯೋಚ್ನೆ ಮಾಡುತ್ತೆ ಅಮ್ಮಾವ್ರೆ, ಬೇಡ." ಅವರು ನಕ್ಕರು. ಆಮೇಲೆ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಕಂಪ್ಯೂಟರಿನ ಕಡೆ ಬೆರಳು ತೋರಿಸಿ, "ಅದು?" ಅಂದರು.

ನನಗೆ ಹೇಳಲು ಮನಸ್ಸಿರಲಿಲ್ಲ. ಆದರೆ ಕೇಳಿದವರಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ಅಣಕಿನಲ್ಲಿ ಆಟ ಶುರುವಾಗುವಾಗ ಪರದೆಯ ಮೇಲೆ ಬರುವ ಕಂಪನಿಯ ಮುದ್ರೆಗೆ ಕಾಯಬೇಕಿಲ್ಲ. ಆರನೇ ಬಾವಿಯಲ್ಲಿ ಬಾವಲಿಗಳೆಲ್ಲ ಒಟ್ಟಿಗೆ ಎದ್ದಾಗ ಕೈಪೆಟ್ಟಿಗೆ ಏದುಸಿರು ಬಿಟ್ಟು ನಿಧಾನವಾಗುತ್ತದಲ್ಲ, ಅಣಕಿಗೆ ಆ ಏದುಸಿರೂ ಇಲ್ಲ. ಎಲ್ಲ ಸೇರಿ ಹನ್ನೊಂದು ಸೆಕೆಂಡು ಕೂತಲ್ಲೇ ಮಿಗುತ್ತದೆ. ಊರಿನ ಹಿರಿಯರು ಇದು ಮೋಸ ಅಂದರು. ಉಳಿಕೆ ಮಾತ್ರ ಅವರ ಮಾತು ಕಿವಿಗೆ ಹಾಕಿಕೊಳ್ಳದೆ ಬರುತ್ತಲೇ ಇತ್ತು.

"ಹಂಗಾದ್ರೆ ಅದೇ ಸುಲಭ ಅಲ್ವೇನಪ್ಪ" ಅಂದರು ಸಿದ್ದಗಂಗಮ್ಮ.

"ಸುಲಭಾನೇ. ಆದ್ರೆ ಅದ್ರಲ್ಲಿ ಬರೋ ಉಳಿಕೇಲಿ ಮಾತು ಸರಿಯಾಗಿರುತ್ತೆ, ದನಿ ಬೇರೆಯವರದ್ದು" ಅಂದೆ. ನನ್ನ ಕತೆಯನ್ನೂ ಹೇಳಿದೆ. ಒಂದೇ ಒಂದು ಸಲ ಆಸೆಗೆ ಬಿದ್ದು ಅಣಕಿನಲ್ಲಿ ಓಡಿದ್ದೆ. ತೀರಿಹೋದ ಅಮ್ಮ ಹಿತ್ತಿಲ ಬಾಗಿಲಿನಿಂದ ಊಟಕ್ಕೆ ಕರೆಯುವುದನ್ನು ಕೇಳಬೇಕಾಗಿತ್ತು. "ಏ ರುದ್ರ, ತಟ್ಟೆ ಹಾಕಿದೀನಿ, ಬಾರೋ." ಅಕ್ಷರ ಅಕ್ಷರವೂ ಸರಿ. ಆದರೆ ಕರೆದದ್ದು ಯಾರೋ ಹೆಂಗಸು, ನಮ್ಮಮ್ಮನನ್ನು ಅಣಕಿಸುವ ಹಾಗೆ. ಅಷ್ಟಕ್ಕೇ ಮುಗಿದಿದ್ದರೆ ಸರಿ ಹೋಗುತ್ತಿತ್ತು. ಅವತ್ತಿನಿಂದ ಅಮ್ಮನನ್ನು ನೆನೆದಾಗಲೆಲ್ಲ ನನ್ನ ತಲೆಯೊಳಗೆ ಆ ಹೆಂಗಸೇ ಮಾತಾಡುತ್ತಾಳೆ. ಅಮ್ಮನ ದನಿ ಹೇಗಿತ್ತೆಂಬುದೇ ಅಳಿಸಿಹೋಯಿತು. ಇನ್ನೊಂದು ಗಳಿಗೆಯನ್ನು ಕೈಪೆಟ್ಟಿಗೆಯಲ್ಲಿ ಓಡಿ ತರೋಣವೆಂದರೆ, ಅಣಕಿನಲ್ಲಿ ಓಡಿದ ಸಮಯವೇ ನನ್ನ ಹಿಂದಿನ ಓಟವಾಗಿ ಕೂತಿತ್ತು, ಕೈಪೆಟ್ಟಿಗೆಯಲ್ಲಿ ಅದನ್ನು ಮೀರಿಸುವುದು ಯಾರಿಂದಲೂ ಆಗದ ಮಾತು. ಅಮ್ಮ ನನಗೆ ಎರಡು ಸಲ ಸತ್ತಳು.

ಸಿದ್ದಗಂಗಮ್ಮ ಬೂದು ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, "ಹಳೇ ಗಂಡನ ಪಾದವೇ ಗತಿ ಅನ್ನು" ಅಂದರು. ಬಾಗಿಲ ಬಳಿಯ ಬಿಸಿಲಿಗೆ ಸ್ಟೂಲು ಎಳೆದು ಕೂತರು. ಕೂತ ಮೇಲೆ, ಆ ಏಳು ಸೆಕೆಂಡು ಯಾವುದೆಂದು ತಾವಾಗಿಯೇ ಹೇಳಿದರು.

ಅವರಿಗೊಬ್ಬಳು ತಂಗಿ, ಸರ್ವಮಂಗಳ. ಮನೆಯಲ್ಲಿ ಮಂಗಳಿ. ದೂರದ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಮೂವತ್ತೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಲ್ಲಿನ ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಮಾಡಿದಳು. ಎಕ್ಸ್‌ಚೇಂಜಿನಲ್ಲಿ ಅಕ್ಕನೇ ಡ್ಯೂಟಿ. ಒಂದು ಕರೆಗೆ ಮೂರು ನಿಮಿಷ, ಅದು ಆಗಿನ ಕಟ್ಟುಪಾಡು. ಏನೇನೋ ಮಾತಾಡಿದಳು, ಮೈಗೆ ಹುಷಾರಿಲ್ಲ ಅಂದಳು, ಹುಳಿ ತಿನ್ನಬೇಕು ಅನ್ನಿಸುತ್ತೆ ಅಂದಳು. ಕೊನೆಯಲ್ಲಿ ಅಕ್ಕಾ ಎಂದು ಮತ್ತೇನೋ ಹೇಳಿದಳು. ಅಷ್ಟರಲ್ಲಿ ಸಿದ್ದಗಂಗಮ್ಮನ ಮುಂದಿನ ಹಲಗೆಯ ಮೇಲೆ ಆರೇಳು ದೀಪ ಒಟ್ಟಿಗೆ ಹತ್ತಿಕೊಂಡವು, ಕಾಯುತ್ತಿರುವ ಒಂದೊಂದು ಕರೆಗೆ ಒಂದೊಂದು ದೀಪ. ಕಿವಿ ತಂಗಿಯ ಕಡೆ, ಕಣ್ಣು ದೀಪದ ಕಡೆ. "ಹೂಂ, ಹೂಂ" ಅಂದರು. ವೈರು ಎಳೆದರು. ಒಂಬತ್ತು ದಿನಕ್ಕೆ ಕಾಮಾಲೆ ಏರಿ ಮಂಗಳಿ ತೀರಿಕೊಂಡಳು.

"ನಾನು ಹೂಂ ಅಂದಿದ್ದು ನೆನಪಿದೆ. ಯಾವುದಕ್ಕೆ ಹೂಂ ಅಂದೆ ಅಂತ ಗೊತ್ತಿಲ್ಲ ಕಣಪ್ಪ" ಅಂದರು. "ಅಕ್ಕಾ, ನನ್ನ ನೋಡೋಕೆ ಬರ್ತೀಯಾ ಅಂತ ಕೇಳಿದ್ಲೇನೋ. ಹೂಂ ಅಂದುಬಿಟ್ಟು ಹೋಗ್ಲಿಲ್ವೇನೋ. ದಾರಿ ಕಾದ್ಲೇನೋ. ಇಷ್ಟು ವರ್ಷ ತಿಳ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ. ಈಗ ಗಂಟು ಬಾವು ಬಂದಿದೆ ನೋಡು. ಇನ್ನೊಂದು ವರ್ಷ ಬಿಟ್ರೆ ಬೆರಳು ಮಡಚೋದೇ ಇಲ್ಲ. ಅವಳು ಹೇಳಿದ್ದೂ ಬೇಕು, ಅವಳ ದನೀನೂ ಬೇಕು ನಂಗೆ."

ಎಂಟು ತಿಂಗಳು ಓಡಿದರು. ಮಧ್ಯಾಹ್ನ ಮೂರು ಹೊಡೆಯುವಾಗ ಬರುವರು, ಬೆರಳಿಗೆ ಹರಳೆಣ್ಣೆ ಹಚ್ಚಿಕೊಂಡು ಸೆರಗಿಗೆ ಒರೆಸಿಕೊಳ್ಳುವರು, ಬಿಸಿಲಿಗೆ ಬೆನ್ನು ಕೊಟ್ಟು ಕೂರುವರು. ನಾನು ಸೆಕೆಂಡು ಎಣಿಸುವ ಗಡಿಯಾರ ಹಿಡಿದು ಪಕ್ಕದಲ್ಲಿ. ಮೊದಮೊದಲು ಮೂರನೇ ಬಾವಿಗೇ ಮೊಲ ಬೀಳುತ್ತಿತ್ತು. ಯುಗಾದಿ ಹೊತ್ತಿಗೆ ಹಳೆಯ ಕೈ ಮರಳಿ ಬಂತು. ಆರನೇ ಬಾವಿಯಲ್ಲಿ ಪೆಟ್ಟಿಗೆ ಏದುಸಿರು ಬಿಡುವಾಗ ಅವರು ಬೆರಳುಗಳನ್ನು ಒಮ್ಮೆ ಚಾಚಿ ಮಡಚುತ್ತಿದ್ದರು. "ಪಾಪ, ಇದಕ್ಕೂ ವಯಸ್ಸಾಗಿದೆ, ನಂಗೂ ಆಗಿದೆ, ಇಬ್ರೂ ಸುಧಾರಿಸ್ಕೋತೀವಿ" ಅನ್ನುವರು. ಏಳನೇ ಬಾವಿ ಹಾರಿದ ಕೂಡಲೇ ನಾನು "ಸಾಕು" ಅನ್ನುತ್ತಿದ್ದೆ, ಅವರ ಹೆಬ್ಬೆರಳು ಸ್ವಿಚ್ಚು ಸರಿಸುತ್ತಿತ್ತು. ಆಮೇಲಾಮೇಲೆ ನಾನು ಹೇಳುವುದೂ ಬೇಕಿರಲಿಲ್ಲ. ಓಟ ಮುಗಿದ ಮೇಲೆ ಕಾಫಿ. ಎಕ್ಸ್‌ಚೇಂಜಿನ ಕಾಲದ ಕತೆಗಳು. ಯಾವ ಗಂಡ ಯಾವ ಹೆಂಡತಿಗೆ ಫೋನಿನಲ್ಲಿ ಬರೀ ಕೆಮ್ಮುತ್ತಿದ್ದ, ಯಾರು ಮೂರು ನಿಮಿಷವೂ ಹಲೋ ಹಲೋ ಅಂತಲೇ ಕಳೆದರು. ನನ್ನ ಜೀವಮಾನದಲ್ಲಿ ಅಷ್ಟು ನಕ್ಕ ಬೇಸಿಗೆ ಇನ್ನೊಂದಿಲ್ಲ.

ಒಂದು ಗುರುವಾರ, "ಇವತ್ತು ಎಂಟೂ ಹಾರ್ತೀನಿ" ಅಂದರು. ಮುಖ ನೋಡಿದೆ, ಗಟ್ಟಿಯಾಗಿತ್ತು. ಬಿಸಿಲಿನಲ್ಲಿ ಕಾಯಿಸಿದ ಸೆಲ್ಲು ಬೇಡವೆಂದು ಹೊಸವೇ ನಾಲ್ಕು ಹಾಕಿಕೊಟ್ಟೆ. ಬೀದಿಯಲ್ಲಿ ಹೋಗುವವರಿಗೆ ಸುದ್ದಿ ಹೇಗೆ ಮುಟ್ಟಿತೋ, ಐದಾರು ಜನ ಚಪ್ಪಡಿಯ ಆಚೆ ಬಂದು ನಿಂತರು. ಮೂರನೇ ಬಾವಿಗೆ ಹಿಂದಿನ ಓಟಕ್ಕಿಂತ ಎರಡು ಸೆಕೆಂಡು ಮುಂದೆ. ಐದಕ್ಕೆ ನಾಲ್ಕು. ಆರನೆಯದರಲ್ಲಿ ಪೆಟ್ಟಿಗೆ ಏದುಸಿರು ಬಿಟ್ಟಿತು, ಅವರು ಬೆರಳು ಚಾಚಿ ಮಡಚಿದರು. ಏಳನೆಯದನ್ನು ಮೊಲ ಅಂಚು ಕೂಡ ಸವರದೆ ಹಾರಿತು. ಗಡಿಯಾರ ನೋಡಿದೆ. ಒಂಬತ್ತು ಸೆಕೆಂಡು ಮುಂದೆ. ಉಳಿದದ್ದು ಒಂದೇ ಬಾವಿ, ಅದೂ ಎಲ್ಲಕ್ಕಿಂತ ಚಿಕ್ಕದು. ಅಷ್ಟರಲ್ಲಿ ಅವರ ಹೆಬ್ಬೆರಳು ತಾನಾಗಿ ನೆತ್ತಿಯ ಕಡೆ ಹೋಯಿತು, ಸ್ವಿಚ್ಚು ಸರಿಸಿತು, ಪರದೆ ಆರಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಚಪ್ಪಡಿಯ ಆಚೆ ನಿಂತವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹೊರಟುಹೋದರು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಎಂಟು ತಿಂಗಳು ಏಳಕ್ಕೆ ಸಾಕು, ಏಳಕ್ಕೆ ಸಾಕು ಎಂದು ಆ ಬೆರಳಿಗೆ ಪಾಠ ಹೇಳಿದವನು ನಾನೇ ತಾನೆ. ಸಿದ್ದಗಂಗಮ್ಮ ತಮ್ಮ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದರು.

"ನಾನು ಆರಿಸ್ಲಿಲ್ಲ ಕಣಪ್ಪ" ಅಂದರು. "ಕೈ ಆರಿಸ್ತು."

"ಗೊತ್ತು ಅಮ್ಮಾವ್ರೆ."

"ಅವತ್ತೂ ಹಿಂಗೇ ಆಗಿದ್ದು. ಮೂರು ನಿಮಿಷ ಆಗುತ್ಲೂ ಕೈ ವೈರು ಎಳೆದುಬಿಡ್ತು. ನಂಗೆ ಹೇಳ್ಲೂ ಇಲ್ಲ, ಕೇಳ್ಲೂ ಇಲ್ಲ."

ಮಾರನೆಯ ದಿನ ಅವರ ಬಲಗೈ ಗಂಟುಗಳು ನಿಂಬೆಗಾತ್ರ ಬಾತವು. ಹತ್ತು ದಿನ ಬರಲಿಲ್ಲ. ಹನ್ನೊಂದನೆಯ ದಿನ ಬಂದವರು ಬಿಸಿಲಿನ ಸ್ಟೂಲಿನ ಕಡೆ ನೋಡದೆ ನೇರ ಮೂಲೆಗೆ ಹೋಗಿ ಕಂಪ್ಯೂಟರಿನ ಮೇಲಿನ ಬಟ್ಟೆ ಎಳೆದರು.

ನನಗೆ ರೇಗಿತು. ದೊಡ್ಡವರೆಂದೂ ನೋಡದೆ ಕೂಗಾಡಿದೆ. ಬೆರಳಿಗೆ ಔಷಧಿ ಮಾಡಿಸೋಣ, ಮಳೆಗಾಲ ಕಳೆಯಲಿ, ಮತ್ತೆ ಓಡೋಣ, ಇದನ್ನು ಮುಟ್ಟಿದರೆ ಮಂಗಳಿಯ ದನಿ ಇನ್ನು ಹುಡುಕಿದರೂ ಸಿಗುವುದಿಲ್ಲ, ನನ್ನನ್ನು ನೋಡಿಯಾದರೂ ಬುದ್ಧಿ ಬರಬಾರದೇ ಎಂದೆ. ಅವರು ನಾನು ಸುಸ್ತಾಗುವವರೆಗೂ ಕೇಳಿಸಿಕೊಂಡರು. ಫೋನಿನಲ್ಲಿ ಎಂಥೆಂಥವರ ಕೂಗಾಟ ಕೇಳಿದ್ದರೋ, ನನ್ನದು ಯಾವ ಮಹಾ.

"ಅವಳ ದನಿ ನಂಗೆ ನೆನಪಿದೆ ಕಣಪ್ಪ" ಅಂದರು. "ದಿನಾ ಕೇಳುತ್ತೆ. ನೆನಪಿಲ್ದೇ ಇರೋದು ಮಾತು. ಈ ಬೆರಳಲ್ಲಿ ಕೈಪೆಟ್ಟಿಗೆ ಇನ್ನು ಆಗಲ್ಲ, ಅದು ನಿಂಗೂ ಗೊತ್ತು. ದನಿ ಇಟ್ಕೊಂಡು ಈ ಹೂಂ ಅನ್ನೋದನ್ನ ಸಾಯೋವರ್ಗೂ ಹೊರ್ಲಾ? ಇಲ್ಲಾ ದನಿ ಕೊಟ್ಟು ಇಳಿಸ್ಲಾ?"

"ಅವಳು ಬಾ ಅಂತಲೇ ಕರೆದಿದ್ದರೆ?"

"ಕರೆದಿದ್ದರೆ, ಕರೆದಿದ್ಲು ಅಂತ ಗೊತ್ತಾಗುತ್ತೆ" ಅಂದರು.

ನಾನೇ ಹಚ್ಚಿಕೊಟ್ಟೆ. ಕೀಲಿಮಣೆ ಮೆತ್ತಗಿತ್ತು, ಬೆರಳಿಗೆ ಅಷ್ಟು ನೋವಾಗಲಿಲ್ಲ. ಎರಡನೇ ಬಾವಿಯಲ್ಲಿ ತಡವರಿಸಿದರು, ನಾಲ್ಕನೆಯದರಲ್ಲಿ ಮೊಲ ಅಂಚಿಗೆ ಬಡಿದು ಮತ್ತೆ ಎದ್ದಿತು. ಆರನೇ ಬಾವಿಗೆ ಬಂದಾಗ ಅಭ್ಯಾಸದಂತೆ ಬೆರಳು ಚಾಚಲು ಹೋದರು. ಅಣಕು ಏದುಸಿರು ಬಿಡದೆ ಓಡಿತು, ಹೇಗೋ ಸಂಭಾಳಿಸಿಕೊಂಡರು. ಏಳನೆಯದು ದಾಟುವಾಗ ನಾನು ಬಾಯಿಬಿಟ್ಟು ಕೂಗಿದೆ, "ನಿಲ್ಲಿಸ್ಬೇಡಿ, ಹೋಗಿ ಹೋಗಿ." ಎಂಟನೆಯದನ್ನು ಹಾರಿದರು. ಹದಿನಾಲ್ಕು ನಿಮಿಷ ಹದಿಮೂರು ಸೆಕೆಂಡು. ಒಂಬತ್ತು ಸೆಕೆಂಡು ಮಿಕ್ಕಿತ್ತು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು.

ನಾನು ಗೋಡೆ ಕಡೆ ತಿರುಗಿ ನಿಂತೆ. ಒಬ್ಬರ ಉಳಿಕೆಯನ್ನು ಇನ್ನೊಬ್ಬರು ನೋಡುತ್ತ ನಿಲ್ಲಬಾರದು, ಅದು ನಮ್ಮೂರಿನ ಮರ್ಯಾದೆ. ಒಂಬತ್ತು ಸೆಕೆಂಡು ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಹಿಂದಿನಿಂದ ಮೆಲ್ಲಗೆ ನಕ್ಕ ಹಾಗೆ ಕೇಳಿಸಿತು. ತಿರುಗಿ ನೋಡಿದರೆ ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು.

"ನಿಂಗಲ್ಲಿ ದೀಪ ತುಂಬ ಹತ್ಕೊಂಡಿರ್ಬೇಕು ಅಂದ್ಲು" ಅಂದರು. "ಅವಳಿಗೆ ಗೊತ್ತಿತ್ತು ಕಣಪ್ಪ, ನನ್ನ ಹಲಗೆ ಹೆಂಗಿರುತ್ತೆ ಅಂತ. ಅಕ್ಕಾ, ನಿಂಗಲ್ಲಿ ದೀಪ ತುಂಬ ಹತ್ಕೊಂಡಿರ್ಬೇಕು, ಫೋನ್ ಇಡಕ್ಕಾ, ಇಡು ಅಂದ್ಲು. ಎರಡು ಸಲ ಇಡು ಅಂದ್ಲು. ಎರಡು ಸಲ ಹೂಂ ಅಂದೆ. ಇಟ್ಟೆ."

ನೀರು ತಂದುಕೊಟ್ಟೆ, ಕುಡಿದರು. ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ, "ದನಿ?"

ಅವರು ಕಣ್ಣು ಮುಚ್ಚಿ ತುಟಿ ಆಡಿಸಿದರು, ಒಳಗೆ ಯಾರನ್ನೋ ಕರೆದು ನೋಡುವಂತೆ. ಒಂದು ಸಲ, ಇನ್ನೊಂದು ಸಲ. ಆಮೇಲೆ ತಲೆಯಾಡಿಸಿದರು. "ಹೋಯ್ತು" ಅಂದರು. ಈ ಸಲ ನಗು ಇರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಎದ್ದು ಬಾಗಿಲ ತನಕ ಹೋದವರು ಅಲ್ಲೇ ಚೌಕಟ್ಟು ಹಿಡಿದು ನಿಂತರು.

"ಮೂವತ್ತೊಂದು ವರ್ಷ, ನನ್ನ ತಂಗಿ ಮಾತು ನಾನು ಕೇಳ್ಲಿಲ್ಲ ಅಂದ್ಕೊಂಡಿದ್ದೆ" ಅಂದರು. "ಕೇಳಿದ್ದೆ ಕಣಪ್ಪ."